ಹಿಂದಿನ ಸೀಟಿನವನು

ಕಲ್ಲು, ಅಣ್ಣ, ಎಡಗಡೆ ಕಲ್ಲು — ಈಗ ಹೇಳುತ್ತಿದ್ದಾನೆ ತಮ್ಮ, ಪ್ರತಿಯೊಂದನ್ನೂ ಹೇಳುತ್ತಿದ್ದಾನೆ, ಬೇರು ಅಣ್ಣ, ಸ್ವಲ್ಪ ಇಳಿಜಾರು ಅಣ್ಣ, ಕಾಲ್ನಡಿಗೆಯಲ್ಲಿ ಬೆಟ್ಟ ಇಳಿಯುವಾಗ ಬೆಣಚುಕಲ್ಲು ಕೂಡ ಸುದ್ದಿಯಾಗುತ್ತಿದೆ, ಬಾಯಲ್ಲಿ ಮಣ್ಣು, ಮಣ್ಣಿನ ಜೊತೆ ಉಪ್ಪುಪ್ಪು ರಕ್ತ, ನಾಲಿಗೆ ಹೋಗಿ ಹೋಗಿ ಅಲ್ಲಾಡುವ ಹಲ್ಲನ್ನೇ ಮುಟ್ಟುತ್ತಿದೆ, ನನ್ನ ಕೈ ಹಿಂದಿನ ಸೀಟಿನ ಮೇಲಿದೆ, ಆ ಸೀಟು ನನ್ನದು, ಮುಂದಿನದು ತಮ್ಮನದು, ಇಬ್ಬರು ತುಳಿಯುವ ಸೈಕಲ್ಲು, ಬೆಟ್ಟದ ದಾರಿಗೆಂದೇ ಮಾಡಿದ ದಪ್ಪ ಟೈರಿನದು, ಅವನು ತಳ್ಳುತ್ತಿದ್ದಾನೆ, ನಾನು ಹಿಡಿದು ನಡೆಯುತ್ತಿದ್ದೇನೆ, ಹತ್ಕೋ ಅಣ್ಣ, ಇನ್ನೇನೂ ಆಗಲ್ಲ ಅಂದ, ನಡೀತೀನಿ ಅಂದೆ, ಅಷ್ಟೇ ಅಂದೆ. ಕಣ್ಣು ಹೋದ ಮೇಲೆ — ಒಮ್ಮೆಗೇ ಹೋಗಲಿಲ್ಲ, ಕಾರ್ಖಾನೆಯಲ್ಲಿ ನನ್ನ ಲೇತ್ ಮೆಷಿನ್ನಿನ ಅಂಚು ಮೊದಲು ಮಸುಕಾಯಿತು, ಆಮೇಲೆ ಅದರಿಂದ ಏಳುವ ಕಬ್ಬಿಣದ ಸುರುಳಿ, ಆಮೇಲೆ ನನ್ನದೇ ಬೆರಳು, ಮೇಸ್ತ್ರಿ ಬಂದು ಭುಜ ಹಿಡಿದು ಸಾಕಪ್ಪ ಅಂದ — ಆಮೇಲೆ ತಮ್ಮನ ಮನೆಯ ಹಿಂದಿನ ಕೋಣೆ, ತಮ್ಮನ ಹೆಂಡತಿ ತಂದಿಡುವ ತಟ್ಟೆ, ರೇಡಿಯೋ, ಮತ್ತೆ ಒಂದು ಭಾನುವಾರ ಈ ಸೈಕಲ್ಲು. ಸುಳ್ಳೇಕೆ, ಮೊದಮೊದಲು ಚೆನ್ನಾಗಿತ್ತು. ಕಲಿಸಿಕೊಟ್ಟ ಸೈಕಲ್ ಅಂಗಡಿಯವನು ಹೇಳಿದ್ದ, ಮುಂದಿರೋನು ಬಾಯಿ ಮುಚ್ಚಬಾರದು, ಹಿಂದಿರೋನು ಅನುಮಾನ ಪಡಬಾರದು, ಇಷ್ಟೇ ಇದರ ವಿದ್ಯೆ. ತಮ್ಮ ಎಲ್ಲವನ್ನೂ ಕೂಗಿ ಹೇಳುತ್ತಿದ್ದ, ಗುಂಡಿ, ಏಳು — ಇಬ್ಬರೂ ಒಟ್ಟಿಗೆ ಸೀಟು ಬಿಟ್ಟು ಏಳುತ್ತಿದ್ದೆವು, ಬಲಕ್ಕೆ ತಿರುವು — ಒಟ್ಟಿಗೆ ವಾಲುತ್ತಿದ್ದೆವು, ಬ್ರೇಕು, ಗೇರು, ಕೊಂಬೆ ಬಂತು ತಲೆ ತಗ್ಗಿಸು, ಗಾಳಿ ಮುಖಕ್ಕೆ ಬಡಿಯುವಾಗ ನಾನು ಕುರುಡನಲ್ಲ, ಹಿಂದೆ ಕೂತವನು ಅಷ್ಟೇ.

ಆಮೇಲೆ ಜನ ನೋಡತೊಡಗಿದರು. ತಮ್ಮ ನಮ್ಮಿಬ್ಬರ ಫೋಟೋ ತೆಗೆದು ಫೋನಿನಲ್ಲಿ ಊರಿಗೆಲ್ಲ ಹಂಚುತ್ತಿದ್ದ, ಬಂದ ಮೆಚ್ಚಿಗೆಯನ್ನು ಊಟಕ್ಕೆ ಕೂತಾಗ ನನಗೇ ಓದಿ ಹೇಳುತ್ತಿದ್ದ, ಇಂಥ ತಮ್ಮ ಸಿಗೋಕೆ ಏಳು ಜನ್ಮದ ಪುಣ್ಯ ಬೇಕಂತೆ ಅಣ್ಣ, ಯಾರೋ ಬರೆದಿದ್ದಾರೆ, ನಾನು ತುತ್ತು ನುಂಗಿದೆ, ನಿಮಗೋಸ್ಕರ ಭಾನುವಾರ ಪೂರ್ತಿ ಕೊಡ್ತಾರೆ ಭಾವ ಅಂದಳು ಅವನ ಹೆಂಡತಿ, ಪಾತ್ರೆ ಉಜ್ಜುತ್ತಾ, ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ, ಮೆಚ್ಚಿಗೆ ಹೆಚ್ಚಿದ ಹಾಗೆ ದಾರಿಯಲ್ಲಿ ಗುಂಡಿಗಳು ಕಡಿಮೆಯಾದವು, ಅಂದರೆ ಗುಂಡಿಗಳು ಇದ್ದಲ್ಲೇ ಇದ್ದವು, ಹೇಳುವುದು ಕಡಿಮೆಯಾಯಿತು, ನನ್ನ ಸೊಂಟಕ್ಕೆ ಗೊತ್ತು. ಇವತ್ತು ಬೆಳಗ್ಗೆ ಗುಡ್ಡದ ಅಂಚಿನ ಸಮದಾರಿಯಲ್ಲಿ — ಇಬ್ಬರ ಪೆಡಲಿಗೂ ಒಂದೇ ಸರಪಳಿ, ಅವನ ಕಾಲು ನಿಂತರೆ ನನ್ನದೂ ನಿಲ್ಲಬೇಕು — ಅವನ ಕಾಲು ನಿಂತಿತು, ಬ್ರೇಕು ಅನ್ನಲಿಲ್ಲ, ತಿರುವು ಅನ್ನಲಿಲ್ಲ, ಒಂಟಿ ಕೈಯಲ್ಲಿ ಹಿಡಿದ ಹಾಗೆ ಸೈಕಲ್ಲು ಓಲಾಡಿತು, ಅಣ್ಣ, ಸ್ವಲ್ಪ ನಗು ಅಂದ, ನಕ್ಕೆ, ಹೇಳಿದ್ದನ್ನು ಮಾಡುವುದೇ ಹಿಂದಿನವನ ಕೆಲಸ, ಮುಂದಿನ ಗಾಲಿ ಎಲ್ಲೋ ಇಳಿದುಹೋಯಿತು, ಮೇಲೆ ಯಾವುದು ಕೆಳಗೆ ಯಾವುದು, ಬಾಯಿಗೇ ನೆಲ. ಹಿಂದಿನಿಂದ ಬಂದ ಇಬ್ಬರು ಸವಾರರು ನಿಲ್ಲಿಸಿ ಏನಾಯ್ತು ಅಂದರು, ತಮ್ಮ ಧೂಳು ಕೊಡವಿಕೊಳ್ಳುತ್ತಾ ಹೇಳುತ್ತಿದ್ದ, ಅಣ್ಣಂಗೆ ಕಣ್ಣು ಕಾಣಲ್ಲ, ಹೆದರಿ ಒಂದು ಕಡೆ ವಾಲಿಬಿಟ್ಟ, ಹಿಡಿಯೋಕಾಗಲಿಲ್ಲ. ಅಯ್ಯೋ ಪಾಪ ಅಂದರು, ಅವನಿಗೆ ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಮಣ್ಣಾದದ್ದು ಹಿಂದಿನವನ ಮೀಸೆ, ನಾನು ವಾಲಲಿಲ್ಲ, ನೆಟ್ಟಗೆ ಕೂತಿದ್ದೆ, ಬಾಯಿಬಿಟ್ಟು ಹೇಳಬಹುದಿತ್ತು, ಕಣ್ಣಿಲ್ಲದವನ ಸಾಕ್ಷಿ ಯಾರಿಗೆ ಬೇಕು. ಅವರು ಹೋದ ಮೇಲೆ ಕೇಳಿದೆ, ಫೋಟೋ ತೆಗೀತಿದ್ಯಾ? ಇಲ್ಲ ಅಣ್ಣ, ನಿನ್ನಾಣೆಗೂ ಇಲ್ಲ.

ಕಾಲಡಿಗೆ ಡಾಂಬರು ಬಂತು, ಚಹಾದಂಗಡಿ, ಅಲುಗಾಡುವ ಬೆಂಚು, ಅಂಗಡಿಯ ಹೆಂಗಸು ನೀರಿನ ಲೋಟ ತಂದು ಕೈಗಿಟ್ಟಳು, ಬಾಯಿ ಮುಕ್ಕಳಿಸಿ ಅಂದಳು, ಒಳಗೆ ತಮ್ಮ ಇನ್ಯಾರಿಗೋ ಹೇಳುತ್ತಿದ್ದಾನೆ, ಹೆದರಿಬಿಟ್ಟ ಪಾಪ, ಹೆಂಗಸು ಹೋಗಲಿಲ್ಲ, ನಿಮ್ಮ ತಮ್ಮ ಫೋಟೋ ತೋರಿಸಿದ್ರು, ಬೀಳೋಕೆ ಒಂಚೂರು ಮುಂಚೆ ತೆಗೆದದ್ದಂತೆ, ಎಷ್ಟು ಚೆನ್ನಾಗಿ ಬಂದಿದೆ ಅಂದಳು. ನೀರು ಬಾಯಲ್ಲೇ ನಿಂತಿತು, ಉಗುಳಿದೆ. ಅದರಲ್ಲಿ ಹೆದರಿದ ಹಾಗೆ ಕಾಣ್ತೀನಾ ಅಮ್ಮ? ಇಲ್ಲಪ್ಪ, ನೆಟ್ಟಗೆ ಕೂತಿದ್ದೀರಿ, ಮಗು ಥರ ನಗ್ತಿದ್ದೀರಿ. ಬಾ ಅಣ್ಣ, ಹೋಗೋಣ, ತಮ್ಮನ ಕೈ ನನ್ನ ಮೊಣಕೈ ಹಿಡಿಯಿತು, ಮೆತ್ತಗೆ, ಮೆಟ್ಟಿಲಿದೆ ನೋಡ್ಕೋ ಅಂದ, ಕೇಳಬೇಕು, ಈಗಲೇ, ಇವಳ ಎದುರಿಗೇ, ನಾಲಿಗೆ ಮತ್ತೆ ಆ ಹಲ್ಲನ್ನೇ ಮುಟ್ಟುತ್ತಿದೆ, ಅವನ ಜೇಬಿನ ಫೋನಿನೊಳಗೆ ನಾನು ಕೂತಿದ್ದೇನೆ, ಅವನ ಬೆನ್ನ ಹಿಂದೆ, ಬಾಯಿ ಅಗಲಿಸಿಕೊಂಡು, ಮುಂದೆ ಏನಿದೆಯೆಂದು ಯಾರೂ ಹೇಳುತ್ತಿಲ್ಲ, ನಗುತ್ತಿದ್ದೇನೆ, ಹೇಳಿದನೆಂದು ನಗುತ್ತಿದ್ದೇನೆ, ನಗುತ್ತಿದ್ದೇನೆ —