ಎರಡೂ ಕಡೆ ಪ್ಲೇಟು

ಚನ್ನಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಅದರ ಮಾಲೀಕ ನಿಯಾಜ್ ತಲೆ ತಗ್ಗಿಸಿಕೊಂಡು, “ಯಜಮಾನ್ರೇ, ಕನಕಪುರದೋರು ಬೆಳಿಗ್ಗೆನೇ ಹೋಗ್ಬುಟ್ರಂತೆ” ಎಂದಾಗ ಚನ್ನಲಿಂಗಪ್ಪನಿಗೆ ಮೈ ಉರಿಯಿತು.

“ನನಗಿಂತ ಮುಂಚೆ ಬಂದಿದ್ನಾ? ಯಾವ ಪ್ಲೇಟು ಹೊತ್ಕೊಂಡು ಹೋದ?”

ನಿಯಾಜ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ಲೋಟ ಕೈಗೆ ಬಂದ ಮೇಲೆ ಚನ್ನಲಿಂಗಪ್ಪನಿಗೆ ಮಾತಿನ ಅರ್ಥ ಇಳಿಯಿತು. ಮರಿಯಪ್ಪ ಅಂಗಡಿಗೆ ಬಂದು ಹೋಗಿರಲಿಲ್ಲ; ಲೋಕವನ್ನೇ ಬಿಟ್ಟು ಹೋಗಿದ್ದ.

ಕಲ್ಯದ ಚನ್ನಲಿಂಗಪ್ಪನಿಗೂ ಕನಕಪುರದ ರೇಷ್ಮೆಗೂಡಿನ ವ್ಯಾಪಾರಿ ಮರಿಯಪ್ಪನಿಗೂ ಒಂದೇ ಹುಚ್ಚು: ಹಳೇ ಗ್ರಾಮಾಫೋನ್ ಪ್ಲೇಟು. ಸಿನಿಮಾ ಹಾಡನ್ನು ಮೂಸಿಯೂ ನೋಡುತ್ತಿರಲಿಲ್ಲ. ಸೋಬಾನೆ, ಕೋಲಾಟದ ಪದ, ತತ್ವಪದ ಸಿಕ್ಕರೆ ಮಾತ್ರ ಇಬ್ಬರೂ ಕೋಳಿಜಗಳಕ್ಕೆ ನಿಲ್ಲುತ್ತಿದ್ದರು. ಈಚೆಗೆ ಒಂದು ಅಪರೂಪದ ಪ್ಲೇಟು ಮರಿಯಪ್ಪನ ಪಾಲಾಗಿತ್ತು. ಅದರ ಒಂದು ಕಡೆ ಬೀಗರ ಪದ, ಇನ್ನೊಂದು ಕಡೆ ತತ್ವಪದ. ಕೇಳಬೇಕಾದರೆ ಮನೆಗೆ ಬಾ ಎಂದು ಕರೆಯುವುದು, ಹೋದರೆ ಪ್ಲೇಟು ಹಾಕದೆ ಬರೀ ಕಾಫಿ ಕುಡಿಸಿ ಕಳಿಸುವುದು, ಇದೇ ಮರಿಯಪ್ಪನ ಆಟವಾಗಿತ್ತು.

ಮಣ್ಣಿಗೆ ಹೋದಾಗ ಮರಿಯಪ್ಪನ ಹೆಂಡತಿ ವೆಂಕಟಲಕ್ಷ್ಮಮ್ಮ ಅಳುತ್ತಲೇ ಗಂಡನ ಕೊನೆಯ ಆಸೆ ತಿಳಿಸಿದಳು. ತಿಥಿ ಊಟಕ್ಕೆ ಬಾಳೆಎಲೆ ಬೇಡವಂತೆ, ಚನ್ನಲಿಂಗಪ್ಪನ ಕೈಯಿಂದಲೇ ಪ್ಲೇಟು ಹಾಕಿಸಬೇಕಂತೆ. ಚನ್ನಲಿಂಗಪ್ಪನಿಗೆ ಇದು ವಿಚಿತ್ರವೆನಿಸಿತು. ಆದರೂ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು ಒಪ್ಪಿದ. ಗೆಳೆಯನ ಕಡೇ ಮಾತು ತನ್ನಿಂದ ತಪ್ಪಿದರೆ ಶಿವನಿಗೆ ಯಾವ ಮುಖ ತೋರಿಸುವುದು?

ತಿಥಿಯ ದಿನ ಶಾಮಿಯಾನದವರಿಂದ ಸ್ಟೀಲ್ ಪ್ಲೇಟು ತರಿಸಿ, ಪಂಚೆ ಎತ್ತಿ ಕಟ್ಟಿ, ತಾನೇ ಹಾಕುತ್ತ ಹೊರಟ. ಮರಿಯಪ್ಪನ ಬಾಮೈದ ಅನಂತರಾಜು ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತ.

“ಎಲೆ ಇಲ್ದ ತಿಥಿಯಾ ಲಿಂಗಣ್ಣ? ಇದೇನು ಹೋಟ್ಲಾ? ಬಿಲ್ಲೂ ನೀವೇ ಕೊಟ್ಟೀರಾ?”

“ಸತ್ತೋನ ಮಾತು ಕಣಪ್ಪ. ನೀನು ಮೀರ್ತೀಯಾ ಹೇಳು, ನಾನು ಪಕ್ಕಕ್ಕೆ ನಿಂತ್ಕತೀನಿ.”

ಅನಂತರಾಜು ಗೊಣಗುತ್ತ ಸರಿದ. ಗಂಡಸರ ಸಾಲಿಗೆ ಹಾಕಿ ಮುಗಿಸಿ ಚನ್ನಲಿಂಗಪ್ಪ ಉಸ್ಸೆಂದು ಕೂತ. ವೆಂಕಟಲಕ್ಷ್ಮಮ್ಮ ಗಾಬರಿಯಿಂದ ಬಂದಳು.

“ಕೂರ್ಬ್ಯಾಡಿ ಅಣ್ಣ, ಹೆಂಗಸ್ರ ಸಾಲೂ ಐತೆ. ‘ಎರಡೂ ಕಡೆ ಹಾಕ್ಲಿ, ಒಂದೇ ಕಡೆ ಹಾಕಿ ಎತ್ತಿಟ್ಬುಟ್ಟಾನು’ ಅಂದಿದ್ರು.”

ಚನ್ನಲಿಂಗಪ್ಪ ಕೈಯಲ್ಲಿದ್ದ ಪ್ಲೇಟನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುವಿ ನೋಡಿದ.

“ತಂಗ್ಯವ್ವ, ಎಲೆ ಬ್ಯಾಡ ಅಂತ ಅವನ ಬಾಯಲ್ಲಿ ಬಂತಾ?”

“ಎಲೆ ಮಾತೇ ಎತ್ಲಿಲ್ಲ. ಪ್ಲೇಟು ಹಾಕುದ್ಮೇಲೆ ಎಲೆ ಯಾಕೆ ಅಂತ ನಾನೇ ಅಂದ್ಕಂಡೆ.”

“ಅವನು ಉಣ್ಣೋ ಪ್ಲೇಟು ಹೇಳಿಲ್ಲ ಕಣವ್ವ. ಹಾಡೋ ಪ್ಲೇಟು.”

ವೆಂಕಟಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅನಂತರಾಜು ಈ ಗಳಿಗೆಗೇ ಕಾದಿದ್ದವನಂತೆ, ಟೆಂಪೋದಲ್ಲಿ ಬಚ್ಚಿಟ್ಟು ತಂದಿದ್ದ ಬಾಳೆಎಲೆ ಇಳಿಸಿದ. ಹಾಕಿದ್ದನ್ನು ಎತ್ತುವುದು ಬೇಡವೆಂದು ಪ್ಲೇಟಿನ ಮೇಲೆಯೇ ಎಲೆ ಹಾಸಿದರು.

ಊಟ ನಡೆದಿರುವಾಗ ಚನ್ನಲಿಂಗಪ್ಪ ಒಳಗಿನಿಂದ ಗೆಳೆಯನ ಗ್ರಾಮಾಫೋನ್ ಪೆಟ್ಟಿಗೆಯನ್ನೂ ಆ ಅಪರೂಪದ ಪ್ಲೇಟನ್ನೂ ತಂದು, ಮುಳ್ಳು ಇಳಿಸಿದ. ಮೊದಲ ಕಡೆ ಬೀಗರ ಪದ. ಉಂಡಷ್ಟಕ್ಕೂ ಸಾಲದೆಂದು ಮತ್ತೆ ಮತ್ತೆ ಬಡಿಸಿಕೊಳ್ಳುವ ಬೀಗನನ್ನು ಪ್ಲೇಟಿನೊಳಗಿನ ಹೆಂಗಸರು ದನಿ ಕೂಡಿಸಿ ಆಡಿಕೊಳ್ಳುತ್ತಿದ್ದರು. ಆಗತಾನೆ ಎರಡನೇ ಸಲ ಪಾಯಸಕ್ಕೆ ಕೈಚಾಚಿದ್ದ ಅನಂತರಾಜು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಒಬ್ಬರು ಕೆಮ್ಮಿದಂತೆ ಮಾಡಿದರು. ಆಮೇಲೆ ತಡೆಯಲಾರದೆ ಶಾಮಿಯಾನವೆಲ್ಲ ನಕ್ಕಿತು. ಅನಂತರಾಜುವೂ ನಕ್ಕ.

ನಗು ತಗ್ಗಿದ ಮೇಲೆ ಚನ್ನಲಿಂಗಪ್ಪ ಪ್ಲೇಟನ್ನು ತಿರುವಿ ಹಾಕಿದ. ಏಕತಾರಿಯ ಜೊತೆಗೆ ಒಬ್ಬ ಮುದುಕನ ದನಿ ಎದ್ದಿತು. ಬಾಡಿಗೆ ಮನೆ ಖಾಲಿ ಮಾಡಿ ಒಡೆಯನ ಮನೆಗೆ ಹೊರಟವನ ಪದ. ಉಣ್ಣುತ್ತಿದ್ದವರ ಕೈ ಎಲೆಯ ಮೇಲೆ ನಿಂತಿತು. ಬೇಕಾದ ಹಾಡು ಕೊನೆಗೂ ಕಿವಿಗೆ ಬಿದ್ದಿತ್ತು. ಕಾಫಿ ಕುಡಿಸಿ ಕಳಿಸುವವನು ಮಾತ್ರ ಇರಲಿಲ್ಲ.

ಹಾಡು ಮುಗಿದು ಮುಳ್ಳಿನಡಿ ಪ್ಲೇಟು ಸುಮ್ಮನೆ ಸುತ್ತುತ್ತಿತ್ತು. ಚನ್ನಲಿಂಗಪ್ಪ ಕಣ್ಣು ಮುಚ್ಚಿ ಕೈಮುಗಿದ.

“ಶಿವನೇ, ಮರಿಯಪ್ಪ ನಿನ್ನ ಪಾದಕ್ಕೆ ಬಂದವ್ನೆ. ಒಸಿ ತುಂಟ, ಕೆಟ್ಟೋನಲ್ಲ. ಅವನ ಜೀವಕ್ಕೆ ತಂಪು ಕೊಡಪ್ಪ, ಶಾಂತಿ ಕೊಡು.”