ಗೋಡೆಯ ಮೇಲೆ ನಗುತ್ತಿದ್ದ ಕೆಂಚ

ದಾಂಡೇಲಿಯ ಬಸ್‌ಸ್ಟ್ಯಾಂಡಿನ ಎದುರು ಮಹಾಬಳೇಶ್ವರ ಎಂಬವನು ನಾಯಿ ಬೆಕ್ಕುಗಳ ಆಹಾರದ ಅಂಗಡಿ ತೆರೆದಾಗ ಗೋಡೆಗೆ ಚಿತ್ರ ಬರೆಯುವ ಕೆಲಸ ಮಹೆಜಬೀನಳಿಗೆ ಸಿಕ್ಕಿತು. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ ಬರೆದು ಪಳಗಿದ ಕೈ ಅವಳದು. ಮಾದರಿ ಹುಡುಕಿ ದೂರ ಹೋಗಬೇಕಾಗಲಿಲ್ಲ. ಪಕ್ಕದಲ್ಲೇ ಸಕ್ಕುಬಾಯಿಯ ಚಹಾದ ಗಾಡಿಯ ಕೆಳಗೆ ಕೆಂಚನೆಂಬ ಬೀದಿನಾಯಿ ಮಲಗಿರುತ್ತಿತ್ತು. ಅದನ್ನೇ ನೋಡಿ ಬರೆದಳು.

ಮಹಾಬಳೇಶ್ವರನಿಗೆ ಒಂದು ಕೊರತೆ ಕಂಡಿತು. ಜಾಹೀರಾತಿನ ನಾಯಿ ನಗಬೇಕು, ಇಲ್ಲದಿದ್ದರೆ ಚೀಲ ಯಾರು ಕೊಳ್ಳುತ್ತಾರೆ ಎಂದ. ಅವಳು ನಗಿಸಿದಳು. ಬಸ್ಸಿಗೆ ಕಾಯುವವರು ಗೋಡೆಯ ನಾಯಿಯನ್ನೂ ಗಾಡಿಯ ಕೆಳಗಿನ ನಾಯಿಯನ್ನೂ ತಾಳೆ ನೋಡಿ ಮೆಚ್ಚಿದರು. ಕೆಂಚ ಮಾತ್ರ ಆ ಅಂಗಡಿಯ ಕಾಳಿನಂಥ ಆಹಾರವನ್ನು ಮೂಸಿ, ಸಕ್ಕುಬಾಯಿ ಹಾಕುವ ಬ್ರೆಡ್ಡಿಗೇ ಮರಳಿತು.

ಮಳೆಗಾಲದಲ್ಲಿ ಕಟ್ಟಿಗೆ ಲಾರಿಯೊಂದು ಹಿಂದೆ ಸರಿಯುವಾಗ ಕೆಂಚ ಗಾಲಿಗೆ ಸಿಕ್ಕಿ ಸತ್ತಿತು. ಸಕ್ಕುಬಾಯಿ ಅದನ್ನು ಹೊಳೆಯ ದಂಡೆಯಲ್ಲಿ ಹೂಳಿ ಬಂದು ಮರುದಿನ ಎಂದಿನಂತೆ ಒಲೆ ಹಚ್ಚಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು.

ದಸರೆಯ ಹೊತ್ತಿಗೆ ಆಹಾರದ ಕಂಪನಿಯಿಂದ ಹೊಸ ಚಿತ್ರ ಬಂತು. ಹೊಂಬಣ್ಣದ ಕೂದಲಿನ ನಾಯಿ, ಕೊರಳಲ್ಲಿ ನೀಲಿ ವಸ್ತ್ರ. ಎಲ್ಲ ಊರಿನ ಅಂಗಡಿಗಳಲ್ಲೂ ಅದೇ ನಾಯಿ ಇರಬೇಕಂತೆ. ಮಹಾಬಳೇಶ್ವರ ನೆಲ ನೋಡುತ್ತಲೇ ಇದನ್ನು ಹೇಳಿದ. ಮಹೆಜಬೀನ ಬಿಳಿ ಬಣ್ಣದ ಡಬ್ಬಿ ತೆರೆದಳು, ಆದರೆ ಕುಂಚ ಅದ್ದಲಾಗದೆ ಎದ್ದು ಗಾಡಿಯತ್ತ ಹೋದಳು.

“ಅಕ್ಕಾ, ಕೆಂಚನ ಚಿತ್ರದ ಮ್ಯಾಲೆ ಬಣ್ಣ ಬಳೀಬೇಕಾಗೇತಿ. ನಿಮಗ ಹೇಳದ ಬಳಿಯಾಕ ಮನಸ್ಸು ಬರವಲ್ದು.”

ಸಕ್ಕುಬಾಯಿ ಗೋಡೆಯತ್ತ ತಿರುಗಿದಳು.

“ಬಳೀ ತಂಗಿ. ಅಂವ ಎಂದೂ ಹಂಗ ನಗತಿದ್ದಿಲ್ಲ. ಇದನ್ನ ನೋಡಿ ನೋಡಿ ಅವನ ಖರೆ ಮಾರೀನ ಮರಿಯಾಕ ಹತ್ತೇನಿ.”

ಮಹೆಜಬೀನ ಗೋಡೆ ಬಳಿದು ಹೊಂಬಣ್ಣದ ನಾಯಿ ಬರೆದಳು. ಅದೂ ಚೆನ್ನಾಗಿಯೇ ಬಂತು. ಸಂಜೆ ಉಳಿದ ಬಣ್ಣಗಳೊಡನೆ ಚಹಾದ ಗಾಡಿಯ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂವ ಹೆಂಗಿದ್ದ ಹೇಳ್ರಿ ಎಂದು ಕೇಳಿದಳು. ಸಕ್ಕುಬಾಯಿ ಚಹಾ ಸೋಸುತ್ತಲೇ ಹೇಳುತ್ತ ಹೋದಳು. ಹಳಿಯಾಳದ ಬಸ್ಸು ಬಂದರೆ ಮಾತ್ರ ತಲೆ ಎತ್ತುತ್ತಿದ್ದನಂತೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ನೊಣ ಕೂತರೆ ಒಂದೇ ಕಿವಿ ಅಲುಗಿಸುತ್ತಿದ್ದನಂತೆ. ಬಾಯಿ ಮುಚ್ಚಿಕೊಂಡು ರಸ್ತೆ ನೋಡುವ ನಾಯಿಯೊಂದು ಹಲಗೆಯ ಮೇಲೆ ಮೂಡುತ್ತಿತ್ತು.

ಸಕ್ಕುಬಾಯಿ ಪಾತ್ರೆ ಇಳಿಸಿ ಬಂದು ಬಗ್ಗಿ ನೋಡಿದಳು. ಕಣ್ಣು ಇನ್ನೊಂಚೂರು ಸಣ್ಣದು ಮಾಡು ಎಂದಳು. ಮಹೆಜಬೀನ ಸಣ್ಣದು ಮಾಡಿದಳು.