ಮಣಿಕಟ್ಟು ಹಿಡಿಯುತ್ತಿದ್ದ ಬಂದೇನವಾಜ್ ಚಾಚಾ

ರಸ್ತೆ ದಾಟುವಾಗ ಬಂದೇನವಾಜ್ ಚಾಚಾ ಪಕ್ಕದಲ್ಲಿದ್ದವರ ಮಣಿಕಟ್ಟನ್ನು ಗಪ್ಪನೆ ಹಿಡಿದುಬಿಡುತ್ತಿದ್ದರು. ಚಿಟಗುಪ್ಪದ ಬಸ್ಸಿಗೆ ಕಾದು ನಿಂತ ಅಪರಿಚಿತನಾದರೂ ಸರಿ, ಪಾನಂಗಡಿಗೆ ಬಂದ ಫೌಜದಾರನಾದರೂ ಸರಿ, ಆಚೆ ಬದಿ ಮುಟ್ಟುವವರೆಗೆ ಬಿಡುಗಡೆಯಿಲ್ಲ. ಹುಮನಾಬಾದಿನ ಪೋರರು ಬರಿದಾದ ರಸ್ತೆ ನೋಡಿ "ಚಾಚಾ, ಲಾರಿ ಬಂತು" ಎಂದು ಕಾಡಿಸಿ ನಗುವರು. ಅಲ್ಲಿ ಶಾಲೆಯ ಮಾಸ್ತರನಾಗಿದ್ದ ನನಗೆ ನಗು ಬರುತ್ತಿರಲಿಲ್ಲ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಆ ಬೆರಳುಗಳ ನಡುಕ ನನ್ನ ಮೊಣಕೈವರೆಗೆ ಹತ್ತಿ ಬರುತ್ತಿತ್ತು, ಆಮೇಲೆ ಅರ್ಧ ದಿನ ನನಗೂ ಕಾರಣವಿಲ್ಲದ ಹೆದರಿಕೆ.

ಇದೇ ಮನುಷ್ಯ ಒಂದು ಕಾಲದಲ್ಲಿ ನಾಗಾಲೋಟದ ಕುದುರೆಗಳಿಗೆ ಎದುರಾಗಿ ನಿಲ್ಲುತ್ತಿದ್ದವರು. ಬಸವಕಲ್ಯಾಣದಿಂದ ಮೋರಖಂಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಈಗ ಜಾಲಿ ಬೆಳೆದ ಕೆಮ್ಮಣ್ಣಿನ ಬಯಲಿದೆಯಲ್ಲ, ಅದು ಟಾಂಗಾಗಳ ಓಟದ ಪಂದ್ಯ, ಅಂದರೆ ಶರ್ಯತ್ತು, ನಡೆಯುವ ಮೈದಾನವಾಗಿತ್ತು. ಐವತ್ತಾರರಲ್ಲಿ ಟಾಂಗಾವಾಲಾಗಳೇ ಕೂಡಿ, ಮುಳ್ಳು ಕಡಿದು, ಸುತ್ತುದಾರಿ ಮಾಡಿದ್ದರು. ತಿರುವಿನಲ್ಲಿ ಕಂಬ ನೆಟ್ಟರೆ ಗಾಲಿ ಬಡಿದು ಮುರಿಯುತ್ತದೆಂದು ಅಲ್ಲೊಬ್ಬ ಮನುಷ್ಯನನ್ನೇ ಕೆಂಪು ಝಂಡಿ ಕೊಟ್ಟು ನಿಲ್ಲಿಸುತ್ತಿದ್ದರು. ಅವನನ್ನು ಬಳಸಿ ಕುದುರೆಗಳು ತಿರುಗಬೇಕು. ಮೊಣಕಾಲು ಮುಟ್ಟುವ ಖಾಕಿ ಕೋಟು, ಉದುರಿದ ಗುಂಡಿಗಳ ಬದಲಿಗೆ ಸೊಂಟಕ್ಕೆ ಹಳೆಯ ಲಗಾಮಿನ ಪಟ್ಟಿ, ಮುಖಕ್ಕೆ ಧೂಳು ರಾಚಿದರೂ ಮಿಟುಕದ ರೆಪ್ಪೆ: ಹಾಗೆ ನಿಲ್ಲುತ್ತಿದ್ದರಂತೆ ಚಾಚಾ. "ಮನ್ಯಾಗ ಜಿರಳಿ ಕಂಡ್ರ ಮಂಚ ಏರೋರು, ಕುದುರಿಗಿ ಹೆದರಲಿಲ್ಲ ನೋಡ್ರಿ" ಎನ್ನುತ್ತಿದ್ದರು ಅವರ ಹೆಂಡತಿ ಕುಲ್ಸುಮ್ ಬೀ. ಈ ಕಥೆಯೆಲ್ಲ ನನಗೆ ತಿಳಿದದ್ದೂ ಅವರಿಂದಲೇ.

ಶರ್ಯತ್ತು ನೋಡಲು ಬಂದ ಮಕ್ಕಳಿಗೆ ಚಾಚಾನ ಪಾಠ ಒಂದೇ. "ಕುದುರಿ ಬಂತಂದ್ರ ಓಡಬ್ಯಾಡ್ರಿ, ನಿಂತಲ್ಲೇ ನಿಂದ್ರಿ. ನಿಂತಾಂವ್ನ ಕುದುರಿ ತುಳಿಯಂಗಿಲ್ಲ, ಬಳಸಿ ಹೋಗ್ತದ." ಅಲ್ಲಾಡದೆ ನಿಂತ ಮಗುವಿನ ಬೆನ್ನು ತಟ್ಟಿ ಶಾಬಾಷ್ ಎನ್ನುವರು. ಎಲ್ಲರಿಗಿಂತ ಹೆಚ್ಚು ಶಾಬಾಷ್ ಗಿಟ್ಟಿಸಿದವಳು ಅವರ ಒಬ್ಬಳೇ ಮಗಳು ಸುಗ್ರಾ.

ಎಪ್ಪತ್ತರ ಹೊತ್ತಿಗೆ ಟಾಂಗಾಗಳು ಕಡಿಮೆಯಾಗಿ ಫಟಫಟಿಗಳ, ಅಂದರೆ ಮೋಟಾರ್ ಸೈಕಲ್ಲುಗಳ, ಶರ್ಯತ್ತು ಶುರುವಾಯಿತು. ಅದೇ ಮೈದಾನ, ಅದೇ ತಿರುವು, ಅದೇ ಝಂಡಿ. ಚಾಚಾಗೆ ಮೊದಲ ದಿನದಿಂದಲೇ ಅಳುಕು. "ಇದಕ್ಕ ಕಣ್ಣ ಎಲ್ಲದಾವೋ ತಿಳಿವಲ್ದು" ಎನ್ನುತ್ತ ತಾವು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಮಕ್ಕಳಿಗೆ ಕೊಟ್ಟ ಪಾಠವನ್ನು ಹಿಂದಕ್ಕೆ ಪಡೆಯಬೇಕೆಂದು ಮಾತ್ರ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದ ಸುಗ್ರಾ ಸುತ್ತುದಾರಿ ದಾಟುತ್ತಿದ್ದಾಗ ಫಟಫಟಿಯೊಂದು ಅವಳತ್ತ ನುಗ್ಗಿತು. ಓಡಿದ್ದರೆ ದಾಟಿಬಿಡುತ್ತಿದ್ದಳು. ನಿಂತಳು. ಚಾಚಾ ಕೂಗಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಅವಳು ಹೇಳಿದ್ದು ಇಷ್ಟೇ: "ನಾ ಅಲ್ಲಾಡ್ಲಿಲ್ಲ, ಅಬ್ಬಾ." ಹೇಳಿ, ಶಾಬಾಷ್‌ಗೆ ಕಾಯುವವಳಂತೆ ಮುಖ ನೋಡಿದಳಂತೆ. ಸಂಜೆಗೆ ತೀರಿಕೊಂಡಳು. ಆ ಮೈದಾನದಲ್ಲಿ ಮತ್ತೆ ಶರ್ಯತ್ತು ನಡೆಯಲಿಲ್ಲ. ಗಂಡಹೆಂಡತಿ ಊರು ಬಿಟ್ಟು ಹುಮನಾಬಾದಿಗೆ ಬಂದರು.

ಎಂಬತ್ತೆರಡೋ ಮೂರೋ ಇರಬೇಕು. ಸಂತೆಯಿಂದ ನಾನೂ ಚಾಚಾನೂ ಬರುತ್ತಿದ್ದಾಗ, ಬಸ್ಸಿನ ಹಾರ್ನಿಗೆ ಬೆದರಿದ ಕುದುರೆಯೊಂದು ಖಾಲಿ ಟಾಂಗಾ ಎಳೆದುಕೊಂಡು ಇಕ್ಕಟ್ಟಾದ ಓಣಿಯಲ್ಲಿ ನಮ್ಮತ್ತಲೇ ನುಗ್ಗಿ ಬಂತು. ನನ್ನ ಮಣಿಕಟ್ಟಿನ ಮೇಲೆ ಅವರ ಹಿಡಿತ ಬಿಗಿಯಾಯಿತು. ಚಾಚಾನತ್ತ ತಿರುಗಿದೆ. ಬಾಯಿ ತೆರೆದಿತ್ತು. ನಿಲ್ಲು ಎನ್ನಬೇಕೋ ಓಡು ಎನ್ನಬೇಕೋ ತಿಳಿಯದೆ ತುಟಿಗಳು ಒದ್ದಾಡುತ್ತಿದ್ದವು. ಕುದುರೆಗಿಂತ ಆ ಮುಖ ನೋಡಿ ನನ್ನ ಜೀವ ಬಾಯಿಗೆ ಬಂತು. ಕಾಲು ಕಿತ್ತಿಡಲಾಗದೆ ಇಬ್ಬರೂ ನಿಂತುಬಿಟ್ಟೆವು. ಬಿಸಿಯುಸಿರು ಕೆನ್ನೆಗೆ ತಾಗಿತು. ಕುದುರೆ ನಮ್ಮನ್ನು ಬಳಸಿ ಹೋಯಿತು.

ಚಾಚಾ ಅಲ್ಲೇ ಕಟ್ಟೆಯ ಮೇಲೆ ಕುಸಿದರು. "ಕುದುರಿಗಿ ಇನ್ನಾ ನೆನಪದ ನೋಡ್ರಿ, ಮಾಸ್ತರ" ಎಂದು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕೈ ಮಾತ್ರ ಬಿಡಲಿಲ್ಲ.

ಇಂಥವರನ್ನು ಪುಕ್ಕಲರೆಂದು ನಕ್ಕುಬಿಡುವುದು ಸುಲಭ. ತಮ್ಮ ಜೀವಕ್ಕೆ ಹೆದರುವವರು ಬೇರೆ. ತಾವು ನಂಬಿ ಆಡಿದ ಮಾತನ್ನು ಇನ್ನೊಬ್ಬರು ನಂಬಿಬಿಟ್ಟಾರೆಂದು ಹೆದರುವವರು ಬೇರೆ. ಈ ಎರಡನೆಯವರು ಯಾರಿಗೂ ಬುದ್ಧಿ ಹೇಳುವುದಿಲ್ಲ. ನಡುಗುತ್ತ ಕೈ ಹಿಡಿಯುತ್ತಾರೆ, ದಾಟಿಸುತ್ತಾರೆ.